ನಾನು ನುಂಗಿದ ಮಾತು

ನಾನು ಒಂದು ತಗಡು. ಚಾವಣಿಗೆ ಹೊದಿಸುವ ಸತುವಿನ ತಗಡು. ಕೃಷ್ಣಾ ಹೊಳೆಯ ಈ ಸೀಮೆಯ ಜನ ನನ್ನನ್ನು ಪತ್ರಾಸು ಅನ್ನುತ್ತಾರೆ. ಹತ್ತಡಿ ಉದ್ದ, ಮೂರಡಿ ಅಗಲ, ಮೈತುಂಬ ಉಬ್ಬು ತಗ್ಗು. ನನ್ನ ಕಥೆ ಹೇಳಿಕೊಳ್ಳುವುದರಲ್ಲಿ ನನಗೆ ಹೆಮ್ಮೆಯೇನೂ ಇಲ್ಲ, ನಾಚಿಕೆ ಇದೆ. ಆದರೂ ಹೇಳುತ್ತೇನೆ. ಸುಮ್ಮನಿರುವುದು ನನಗೆ ಹುಟ್ಟಿನಿಂದಲೇ ಬರಲಿಲ್ಲ, ಅದೇ ನನ್ನ ಗ್ರಹಚಾರ.

ಹುಟ್ಟಿದ್ದು ದೂರದ ಒಂದು ಕಾರ್ಖಾನೆಯಲ್ಲಿ. ಕೆಂಪಗೆ ಕಾದ ಉಕ್ಕನ್ನು ಲಟ್ಟಿಸಿ ಲಟ್ಟಿಸಿ ತೆಳ್ಳಗೆ ಮಾಡಿದರು. ಕರಗಿದ ಸತುವಿನಲ್ಲಿ ಅದ್ದಿ ತೆಗೆದರು. ಆಮೇಲೆ ಹಲ್ಲುಹಲ್ಲಿನ ಉರುಳೆಗಳ ನಡುವೆ ತೂರಿಸಿದಾಗ ಮೈಮೇಲೆ ಈ ಅಲೆಗಳು ಮೂಡಿದವು. ನೋವಾಯಿತೇ ಎಂದು ಕೇಳಬೇಡಿ, ಹುಟ್ಟುವಾಗ ಯಾರಿಗೆ ನೆನಪಿರುತ್ತದೆ? ನೆನಪಿರುವುದು ಒಂದೇ. ಪರೀಕ್ಷೆ ಮಾಡುವ ಮನುಷ್ಯ ಬೆರಳಿನ ಗೆಣ್ಣಿನಿಂದ ನನ್ನನ್ನು ಬಡಿದ. ನಾನು 'ಟಣ್' ಎಂದೆ. ಅವನು ಪಕ್ಕದವನಿಗೆ ಕಣ್ಣು ಹೊಡೆದು ನಕ್ಕ. ಅಂದಿನಿಂದ ನನಗೆ ನನ್ನ ಗಂಟಲಿನ ಮೇಲೆ ಬಲು ಜಂಬ.

ಆ ಜಂಬಕ್ಕೆ ನೀರೆರೆದವರು ನಾಟಕದವರು. ನನ್ನನ್ನು ಮೊದಲು ಕೊಂಡದ್ದು ಒಂದು ನಾಟಕ ಕಂಪನಿ. ಪೇಟೆಯ ಬಯಲಿನಲ್ಲಿ ತಗಡಿನ ಥಿಯೇಟರು ಕಟ್ಟಿ ನಾಲ್ಕು ನಾಲ್ಕು ತಿಂಗಳು ಕ್ಯಾಂಪು ಹಾಕುತ್ತಿದ್ದರು. ನಾನು ಸರಿಯಾಗಿ ರಂಗದ ನೆತ್ತಿಯ ಮೇಲೆ. ಮಳೆ ಬಂತೆಂದರೆ ಮುಗಿಯಿತು, ರಾಜನ ಆರ್ಭಟ, ನಾಯಕಿಯ ಅಳು, ಹಾರ್ಮೋನಿಯಂ ಎಲ್ಲ ನನ್ನ ಸದ್ದಿನಲ್ಲಿ ಮುಳುಗಿ ಹೋಗುತ್ತಿದ್ದವು. ಜನ ಸಿಟ್ಟಾಗುತ್ತಿರಲಿಲ್ಲ, ಶಿಳ್ಳೆ ಹೊಡೆಯುತ್ತಿದ್ದರು. ಹಾಸ್ಯಗಾರ ಮೇಲೆ ನೋಡಿ ಕೈ ಮುಗಿದು, "ಯಪ್ಪಾ ಪತ್ರಾಸಪ್ಪಾ, ಮೊದಲ ನಿನ್ನ ಪಾರ್ಟ್ ಮುಗಸು, ಆಮ್ಯಾಲ ನಂದು!" ಎಂದು ಗದ್ದಲದಲ್ಲೇ ಅಭಿನಯಿಸಿ ತೋರಿಸುತ್ತಿದ್ದ. ಮಳೆ ನಿಂತ ಮೇಲೆ ಮುಳುಗಿದ ಮಾತನ್ನೆಲ್ಲ ಮೊದಲಿನಿಂದ ಹೇಳುತ್ತಿದ್ದರು. ಜನ ಎರಡು ಪಟ್ಟು ಚಪ್ಪಾಳೆ ತಟ್ಟುತ್ತಿದ್ದರು. ನಾನು ನುಂಗಿದ ಮಾತು ಎಲ್ಲಿಗೂ ಹೋಗುವುದಿಲ್ಲ, ಮತ್ತೆ ಹೇಳಿದರಾಯಿತು ಎಂದು ನಾನು ತಿಳಿದುಕೊಂಡದ್ದು ಅಲ್ಲಿಯೇ. ತಗಡಿನ ಬುದ್ಧಿ!

ಕಂಪನಿ ಮುಚ್ಚಿತು. ಆ ವರ್ಷವೇ ಶ್ರಾವಣದಲ್ಲಿ ಕೃಷ್ಣೆ ಉಕ್ಕಿದಳು. ಹೊಳೆದಂಡೆಯ ಊರುಗಳ ಜನರಿಗೆ ಶೆಡ್ಡು ಕಟ್ಟಿಸುವ ಗುತ್ತಿಗೆದಾರ ಒಬ್ಬ ಥಿಯೇಟರಿನ ತಗಡನ್ನೆಲ್ಲ ಲಾರಿಗೆ ಹೇರಿಸಿದ. ನಾನು ಬಂದು ಇಳಿದದ್ದು ಬಸರಿಹಾಳದಲ್ಲಿ, ಶಾಲೆಯ ಹಿಂದಿನ ದಿನ್ನೆಯ ಮೇಲೆ. ಕೆಳಗೆ ಊರು ಇತ್ತು, ಅಂದರೆ ಊರಿನ ಕೆಸರು ಇತ್ತು. ಸಾಲಾಗಿ ಹನ್ನೆರಡು ಶೆಡ್ಡು ನಿಲ್ಲಿಸಿದರು. ಗೋಡೆಯೂ ತಗಡು, ಸೂರೂ ತಗಡು. ಮನೆ ಮನೆಗೆ ನಡುವೆ ಇದ್ದದ್ದೂ ಒಂದೇ ತಗಡಿನ ಅಡ್ಡಗೋಡೆ. ನನ್ನನ್ನು ಅಂಥ ಒಂದು ಅಡ್ಡಗೋಡೆಯ ಮೇಲೆ ಹಾಸಿ ಮೊಳೆ ಹೊಡೆದರು. ಅರ್ಧ ಮೈ ಈ ಮನೆಯ ಮೇಲೆ, ಅರ್ಧ ಮೈ ಆ ಮನೆಯ ಮೇಲೆ. ಎರಡೂ ಮನೆಯ ಉಸಿರು ನನಗೆ ತಾಕುತ್ತಿತ್ತು.

ಈ ಮನೆ ಹುಲಗಪ್ಪ ಅಂಬಿಗೇರನದು. ಐವತ್ತರ ಆಳು, ಅಗಲ ಭುಜ, ಹುಟ್ಟು ಹಾಕಿ ಹಾಕಿ ಕಲ್ಲಾದ ಅಂಗೈ. ಹೆಂಡತಿ ನೀಲವ್ವ. ಮಗಳು ಮದುವೆಯಾಗಿ ಬೇರೆ ಊರಲ್ಲಿದ್ದಳು. ಆ ಮನೆ ಸಾವಂತ್ರವ್ವನದು. ಅವಳ ಗಂಡ ಭರಮಪ್ಪ ಗೋವಾದಲ್ಲಿ ಕಟ್ಟಡ ಕೆಲಸಕ್ಕೆ ಹೋಗಿದ್ದವನು ಪ್ರವಾಹದ ಸುದ್ದಿ ಕೇಳಿ ಓಡಿ ಬಂದಿದ್ದ. ಅವನು ಬರುವಷ್ಟರಲ್ಲಿ ಅವನ ತಾಯಿ ಕಲ್ಲವ್ವನನ್ನು ಮಣ್ಣು ಮಾಡಿಯಾಗಿತ್ತು. ಲಕ್ವಾ ಹೊಡೆದು ನಾಲ್ಕು ವರ್ಷ ಹಾಸಿಗೆಯಲ್ಲಿದ್ದ ಮುದುಕಿ. ನೀರಿನಲ್ಲಿ ಗೋಡೆ ಮೈಮೇಲೆ ಬಿದ್ದು ತೀರಿಹೋಗಿದ್ದಳು.

ಜನ ಶೆಡ್ಡಿಗೆ ಬಂದ ಹತ್ತನೆಯ ದಿನವೋ ಏನೋ, ಮಟಮಟ ಮಧ್ಯಾಹ್ನ ಮೋಡ ಕವಿಯಿತು. ಎಷ್ಟು ದಿನದ ಮೇಲೆ! ನಾನು ಖುಷಿಯಲ್ಲಿದ್ದೆ. ಮೊದಲ ಹನಿ ಬಿತ್ತು, ಹತ್ತು ಬಿದ್ದವು, ಆಮೇಲೆ ನನ್ನನ್ನು ಹಿಡಿಯುವವರಿಲ್ಲ. ಥಿಯೇಟರಿನಲ್ಲೂ ಹಾಗೆ ಬಾರಿಸಿರಲಿಲ್ಲ. ಬಾರಿಸಿ ಶಿಳ್ಳೆಗಾಗಿ ಕಾದೆ.

ಶಿಳ್ಳೆ ಬರಲಿಲ್ಲ. ಹನ್ನೆರಡೂ ಶೆಡ್ಡಿನಿಂದ ಜನ ಹೊರಗೆ ಬಿದ್ದರು. ಒಬ್ಬಳು ಒಲೆಯ ಮೇಲಿನ ಹಂಚನ್ನು ಇದ್ದ ಹಾಗೇ ಬಿಟ್ಟು ಗಂಟು ಎತ್ತಿಕೊಂಡು ಶಾಲೆಯ ಕಡೆ ಓಡಿದಳು. ಒಬ್ಬ ಮುದುಕ ಸೊಂಟದಲ್ಲಿ ಸಿಕ್ಕಿಸಿದ ರೇಷನ್ ಕಾರ್ಡನ್ನು ಎರಡೂ ಕೈಯಿಂದ ಒತ್ತಿ ಹಿಡಿದು, "ಬಂತೋ ಯಪ್ಪಾ, ಬಂತೋ" ಎನ್ನುತ್ತ ಕುಸಿದು ಕೂತ. ಮಕ್ಕಳು ಬಾಯಿ ತೆರೆದು ಅಳುತ್ತಿದ್ದವು, ಆ ಅಳು ನನ್ನ ಕಿವಿಗೇ ಬೀಳುತ್ತಿರಲಿಲ್ಲ. ದಿನ್ನೆಯ ಮೇಲೆ ನೀರು ಹತ್ತುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದರೇನು, ಮೈ ಕೇಳಬೇಕಲ್ಲ.

ಹುಲಗಪ್ಪ ಮಾತ್ರ ಹೊರಗೆ ಓಡಲಿಲ್ಲ. ಮೂಲೆಯಲ್ಲಿ ಕೂತು ಕಿವಿ ಮುಚ್ಚಿಕೊಂಡು ಹಿಂದೆ ಮುಂದೆ ತೂಗುತ್ತಿದ್ದ. ಮಳೆ ನಿಂತಾಗ ಅವನ ಧೋತರ ಒದ್ದೆಯಾಗಿತ್ತು. ಸೂರು ಸೋರಿರಲಿಲ್ಲ. ನೀಲವ್ವ ಬಾಗಿಲು ಎಳೆದುಕೊಂಡು, ಅದನ್ನು ಬಿಚ್ಚಿಸಿ, ತಾನೇ ಒಗೆದು, ಯಾರ ಕಣ್ಣಿಗೂ ಬೀಳದ ಹಾಗೆ ಒಳಗೇ ಒಣಗಿಸಿದಳು. ಛೀ ನನ್ನ ಬಾಯಿಗಿಷ್ಟು ಎಂದು ನನಗೆ ಮೊದಲ ಸಲ ಅನಿಸಿದ್ದು ಆಗ.

ಇನ್ನು ಅವನಿಗೆ ಎಂಥ ಹೆಸರು ಬಂದಿತ್ತು ಗೊತ್ತೇ? ಪ್ರವಾಹದ ದಿನ ತನ್ನ ದೋಣಿಯಲ್ಲಿ ಏಳು ಸಲ ಹೋಗಿ ಮೂವತ್ತೆಂಟು ಜನರನ್ನು ದಡ ಮುಟ್ಟಿಸಿದವನು. ಶಾಲೆಯ ಬಯಲಿನಲ್ಲಿ ಪೆಂಡಾಲು ಹಾಕಿ ಸನ್ಮಾನ ಮಾಡಿದರು. ಶಾಲು ಹೊದಿಸಿ, ಮಾಲೆ ಹಾಕಿ, 'ಜೀವರಕ್ಷಕ' ಎಂದು ಮೈಕಿನಲ್ಲಿ ಕೂಗಿದರು. ಐನೂರು ಜನ ಒಟ್ಟಿಗೆ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಥೇಟು ತಗಡಿನ ಮೇಲಿನ ಮಳೆ. ಹುಲಗಪ್ಪ ಮಾಲೆ ಹರಿದೊಗೆದು ವೇದಿಕೆಯಿಂದ ಜಿಗಿದು ಓಡಿ ಬಂದು ಶೆಡ್ಡಿನ ಮೂಲೆ ಸೇರಿದ. "ಎಂಥಾ ವಿನಯ ನೋಡ್ರಿ, ಹೊಗಳಿಕಿ ಅಂದ್ರ ಆಗಂಗಿಲ್ಲ ಮನಿಶ್ಯಾಗ" ಎಂದು ಜನ ಇನ್ನಷ್ಟು ತಟ್ಟಿದರು.

ವಿನಯವಲ್ಲ ಅದು. ಅದೇನೆಂದು ನನಗೆ ಗೊತ್ತಾಗಿತ್ತು. ಮಳೆ ಬಂದಾಗೆಲ್ಲ ಅವನು ಕಿವಿ ಮುಚ್ಚಿಕೊಂಡು ಒಂದೇ ಮಾತು ಒದರುತ್ತಿದ್ದ. "ನಾನೇ ಹೇಳಿದ್ನಿ. ಕೊಳ್ಳ ಹರಿ ಅಂತ ನಾನೇ ಹೇಳಿದ್ನಿ." ನೀಲವ್ವನಿಗೆ ನನ್ನ ಸದ್ದಿನಲ್ಲಿ ಅದು ಕೇಳಿಸುತ್ತಿರಲಿಲ್ಲ. ನನಗೆ ಮಾತ್ರ ಮೊಳೆಯ ಬುಡದಿಂದ ಅವನ ಮಾತು ನಡುಕವಾಗಿ ಬರುತ್ತಿತ್ತು. ಅಷ್ಟಿಷ್ಟು ಕೂಡಿಸಿ ನಾನು ಪೂರ್ತಿ ಸಂಗತಿ ತಿಳಿದುಕೊಂಡೆ.

ಬಸರಿಹಾಳದಲ್ಲಿ ಒಂದು ವಾಡಿಕೆ. ಹೊಳೆ ಉಕ್ಕಿ ಊರೊಳಗೆ ಬಂದರೆ ಅದನ್ನು ಯಾರೂ ಆಪತ್ತು ಅನ್ನುತ್ತಿರಲಿಲ್ಲ, ಗಂಗವ್ವ ತವರಿಗೆ ಬಂದಳು ಅನ್ನುತ್ತಿದ್ದರು. ನೀರು ಹಣಮಪ್ಪನ ಗುಡಿಯ ಮೆಟ್ಟಿಲು ಹತ್ತಿ ದೇವರ ಪಾದ ಮುಟ್ಟಿದಾಗ ಹೆಣ್ಣುಮಕ್ಕಳು ಹಸಿರು ಕುಪ್ಪಸದ ಕಣ, ತೆಂಗಿನಕಾಯಿ, ಅರಿಸಿನ ಕುಂಕುಮ ತಂದು ಹೊಳೆಗೆ ಉಡಿ ತುಂಬುತ್ತಿದ್ದರು. ಉಡಿ ತುಂಬಿದ ಮಗಳು ತಿರುಗಿ ಹೋಗಲೇಬೇಕು. ಸಂಜೆಯೊಳಗೆ ನೀರು ಇಳಿಯುತ್ತಿತ್ತು. ಮುತ್ತಜ್ಜನ ಕಾಲದಿಂದ ಅದು ತಪ್ಪಿರಲಿಲ್ಲವಂತೆ. ಏರುತ್ತದೋ ಇಳಿಯುತ್ತದೋ ಎಂದು ಹೇಳುವ ಹಕ್ಕು ಅಂಬಿಗರ ಮನೆಯದು. ನೊರೆಯ ಬಣ್ಣ, ತೇಲಿ ಬರುವ ಕಸ ನೋಡಿ ಹುಲಗಪ್ಪ ಹೇಳುತ್ತಿದ್ದ, ಊರು ನಂಬುತ್ತಿತ್ತು.

ಆ ದಿನ ಬೆಳಿಗ್ಗೆ ಮೈಕು ಕಟ್ಟಿದ ಜೀಪು ಬಂದು ಊರು ಬಿಡಿ ಎಂದು ಕೂಗಿ ಹೋಗಿತ್ತು. ಸಾವಂತ್ರವ್ವ ಬಂಡಿ ಹೂಡಿ, ಅತ್ತೆಯನ್ನು ಮಲಗಿಸಲು ಹುಲ್ಲು ಹಾಸುತ್ತಿದ್ದಳು. ಗುಡಿಯಿಂದ ಬರುತ್ತಿದ್ದ ಹುಲಗಪ್ಪ ಅದನ್ನು ನೋಡಿ ನಿಂತ. "ಯಾಕವಾ ತಂಗಿ, ಮುದುಕೀನ ಬಂಡ್ಯಾಗ ಕುಲುಕ್ಯಾಡಿಸಿ ಕೊಲ್ಲತಿಯೇನ? ಉಡಿ ತುಂಬೇವಿ. ಸಂಜಿಕ ಹೊಳ್ಳಿ ಹೊಕ್ಕಾಳ ಗಂಗವ್ವ. ಕೊಳ್ಳ ಹರಿ" ಎಂದ. ಕೊಳ್ಳ ಹರಿ ಎಂದರೆ ಹೂಡಿದ ಎತ್ತಿನ ಕೊರಳು ಬಿಚ್ಚು ಎಂದು. ಅವಳು ಬಿಚ್ಚಿದಳು. ಎತ್ತುಗಳನ್ನಾದರೂ ದಿನ್ನೆಗೆ ಕಟ್ಟಿ ಬರೋಣ ಎಂದು ಹೊಡೆದುಕೊಂಡು ಹೋದಳು. ಆದರೆ ಆ ವರ್ಷದ ನೀರು ಇಲ್ಲಿಯ ಮಳೆಯದಲ್ಲ, ಮೇಲಿನ ಅಣೆಕಟ್ಟುಗಳು ತುಂಬಿ ಬಂದ ನೀರು. ಅದಕ್ಕೆ ಉಡಿಯ ವಾಡಿಕೆ ಗೊತ್ತಿರಲಿಲ್ಲ. ಮಧ್ಯಾಹ್ನದೊಳಗೆ ದಾರಿ ಕಡಿದು ಅವಳು ದಿನ್ನೆಯ ಮೇಲೇ ಉಳಿದಳು. ಹುಲಗಪ್ಪ ದೋಣಿ ತೆಗೆದುಕೊಂಡು ಮೂರನೆಯ ಸಲಕ್ಕೆ ಕಲ್ಲವ್ವನ ಮನೆ ಮುಟ್ಟಿದಾಗ ಗೋಡೆ ಇರಲಿಲ್ಲ.

ಇದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವರು ಇಬ್ಬರೇ, ಒಬ್ಬ ನನ್ನ ಎಡಕ್ಕೆ ಕೂತು ನಡುಗುತ್ತಿದ್ದ, ಒಬ್ಬಳು ನನ್ನ ಬಲಕ್ಕೆ ಗೋಡೆಗೆ ಮುಖ ಮಾಡಿ ಕೂತಿದ್ದಳು.

ಸಾವಂತ್ರವ್ವನ ಪಾಡು ನೋಡಲಾಗುತ್ತಿರಲಿಲ್ಲ. ನಾಲ್ಕು ವರ್ಷ ಅತ್ತೆಯನ್ನು ಬೆನ್ನ ಮೇಲೆ ಹೊತ್ತು ಹೊರಕಡೆಗೆ ಕರೆದೊಯ್ಯುತ್ತಿದ್ದವಳು, ಈಗಲೂ ಬೆಳಿಗ್ಗೆ ಎದ್ದವಳೇ ಬಾಗಿ ಬೆನ್ನು ಕೊಟ್ಟು ನಿಲ್ಲುತ್ತಿದ್ದಳು. ಆಮೇಲೆ ಅರಿವಾಗಿ ನೆಟ್ಟಗಾಗುತ್ತಿದ್ದಳು. ರೊಟ್ಟಿ ಮೆತ್ತಗಾಗಲೆಂದು ಹಾಲಿನಲ್ಲಿ ನೆನೆಹಾಕಿ, ಯಾರಿಗೆಂದು ನೆನಪಾಗಿ, ಹಾಗೇ ಹೊರಗೆ ಇಡುತ್ತಿದ್ದಳು. ತಾನು ಮಾತ್ರ ಸರಿಯಾಗಿ ಉಣ್ಣುತ್ತಿರಲಿಲ್ಲ. ಊರ ಹೆಂಗಸರು ನೀರು ತರುವಾಗ ಅವಳಿಗೆ ಕೇಳುವ ಹಾಗೆಯೇ ಆಡಿಕೊಳ್ಳುತ್ತಿದ್ದರು. "ಎತ್ತ ಉಳಿಸಿದ್ಲು, ಅತ್ತೀನ ಬಿಟ್ಲು. ಹೇಲು ಉಚ್ಚಿ ಬಳದು ಸಾಕಾಗಿತ್ತ ಬಿಡು ಆಕಿಗೆ."

ಭರಮಪ್ಪ ಹೆಂಡತಿಯೊಡನೆ ಮಾತು ಬಿಟ್ಟಿದ್ದ. ಆಡಿದರೆ ಒಂದೇ ಪ್ರಶ್ನೆ. "ಹೂಡಿದ ಬಂಡಿ ಯಾಕ ಬಿಚ್ಚಿದಿ? ಅದೊಂದು ಹೇಳು ನನಗ." ಅವಳು ಹೇಳುತ್ತಿರಲಿಲ್ಲ. ಹುಲಗಪ್ಪಣ್ಣ ಹೇಳಿದ ಎಂದು ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಯಾಕೆ ಅನ್ನಲಿಲ್ಲವೆಂದು ನನಗೆ ಆಗ ತಿಳಿಯಲಿಲ್ಲ. ಎಡಕ್ಕಿರುವವನು ಅಡ್ಡಗೋಡೆಗೆ ಕಿವಿಯಿಟ್ಟು ಆ ಪ್ರಶ್ನೆಯನ್ನು ದಿನಾ ಕೇಳುತ್ತಿದ್ದ, ದಿನಾ ತಲೆ ತಗ್ಗಿಸುತ್ತಿದ್ದ. ಬಾಯಿ ಬಿಟ್ಟರೆ ಜೀವರಕ್ಷಕನ ಮುಖ ಎಲ್ಲಿಡುವುದು?

ಹೀಗೇ ಮಳೆಗಾಲ ಕಳೆದು, ಚಳಿ ಬಿಸಿಲು ಕಳೆದು, ಮತ್ತೆ ಮುಂಗಾರಿನ ಮೋಡ ಬಂತು. ಜಿಲ್ಲೆಯಿಂದ ಮನಸಿನ ಡಾಕ್ಟರೊಬ್ಬರು ಜೀಪಿನಲ್ಲಿ ಬಂದು ಶಾಲೆಯ ಕಟ್ಟೆಯ ಮೇಲೆ ಕೂತರು, ಹೆಣ್ಣುಮಗಳು. ಅವರ ಹತ್ತಿರ ಒಬ್ಬರೂ ಸುಳಿಯಲಿಲ್ಲ. "ನಮಗೇನ ಹುಚ್ಚ ಹಿಡದೈತಿ?" ಎಂದು ದೂರದಿಂದಲೇ ನಗುತ್ತಿದ್ದರು. ನಗುವವರಲ್ಲಿ ರೇಷನ್ ಕಾರ್ಡಿನ ಮುದುಕನೂ ಇದ್ದ. ನೀಲವ್ವ ಜಾಣೆ. ತನಗೆ ಮಂಡಿನೋವು ಎಂದು ಹೇಳಿ ಡಾಕ್ಟರನ್ನು ಶೆಡ್ಡಿಗೇ ಕರೆದುಕೊಂಡು ಬಂದಳು. ಒಳಗೆ ಬಂದವಳೇ ಅಳಲು ಶುರುವಿಟ್ಟಳು.

"ಬಾಯಾರ, ಹೊಳ್ಯಾಗ ಹುಟ್ಟಿ ಹೊಳ್ಯಾಗ ಬೆಳದ ಗಂಡಸು. ಈಗ ಹನಿ ಬಿದ್ರ ಕೂಸ ಆಗತಾನ. ಕುಡ್ಯಾಂವಲ್ಲ, ಕೆಟ್ಟಾಂವಲ್ಲ. ಮಂದಿಗಿ ತಿಳದ್ರ ನಾವ್ ಹೆಂಗ ತಲಿ ಎತ್ತೂದು?"

ಡಾಕ್ಟರು ಹುಲಗಪ್ಪನ ಎದುರು ನೆಲದ ಮೇಲೇ ಕೂತರು. "ಇದು ಹುಚ್ಚಲ್ಲ, ಅಂಜುಬುರುಕತನಾನೂ ಅಲ್ಲ ಯಜಮಾನರ. ನೀವು ದಡಕ್ಕ ಬಂದೀರಿ, ನಿಮ್ಮ ಮೈ ಇನ್ನೂ ನೀರಾಗ ಐತಿ. ನಿದ್ದಿಗೆ ಮಾತ್ರಿ ಕೊಡ್ತೀನಿ. ತಿಂಗಳಿಗೊಮ್ಮೆ ನಾನೇ ಬರ್ತೀನಿ. ಆದ್ರ ಒಳಗ ಏನರ ಮುಚ್ಚಿ ಇಟಗೊಂಡಿದ್ರ ಅದಕ್ಕ ನನ್ನ ಹಂತ್ಯಾಕ ಮಾತ್ರಿ ಇಲ್ಲ. ಅದನ್ನ ಹೇಳಬೇಕಾದವರಿಗೆ ಹೇಳಬೇಕು."

ಹುಲಗಪ್ಪ ಮಾತ್ರೆಯನ್ನಷ್ಟೇ ತೆಗೆದುಕೊಂಡ.

ವಾರ ಕಳೆಯಿತು. ಒಂದು ಮಧ್ಯಾಹ್ನ ಭರಮಪ್ಪನ ದನಿ ಅಡ್ಡಗೋಡೆಯ ಆಚೆಯಿಂದ ಬಂತು. "ನಾಳಿ ಮುಂಜಾನಿ ಬಸ್ಸಿಗಿ ನಿನ್ನ ತವರಿಗಿ ಬಿಟ್ಟ ಬರತೀನಿ. ಗಂಟ ಕಟ್ಟು. ನನ್ನ ಕಡಿಂದ ಆಗೂದಿಲ್ಲ. ನಿನ್ನ ಮಾರಿ ನೋಡಿದ್ರ ನನಗ ನಮ್ಮವ್ವ ಕಾಣತಾಳ." ಹಾಗೆಂದವನು ಬಸ್ಸಿನ ಹೊತ್ತು ಕೇಳಲು ಹೊರಗೆ ಹೋದ. ಸಾವಂತ್ರವ್ವ ಅಳಲೂ ಇಲ್ಲ, ಬೇಡವೆನ್ನಲೂ ಇಲ್ಲ. ಗಂಟು ಕಟ್ಟತೊಡಗಿದಳು.

ಹುಲಗಪ್ಪ ಎದ್ದು ನಿಂತ. ಹತ್ತು ತಿಂಗಳಿನಲ್ಲಿ ಅವನು ಹಾಗೆ ನೆಟ್ಟಗೆ ನಿಂತದ್ದು ನಾನು ನೋಡಿರಲಿಲ್ಲ. ರುಮಾಲು ಸುತ್ತಿಕೊಂಡು ಹೊರಗೆ ಬಂದ. ಆಕಾಶ ಕಪ್ಪಗಿತ್ತು. ಮೇಲೆ ನೋಡಿದ, ಆದರೂ ಹಿಂದೆ ತಿರುಗಲಿಲ್ಲ. ಪಕ್ಕದ ಬಾಗಿಲಿಗೆ ಹೋಗಿ ಚೌಕಟ್ಟು ಹಿಡಿದು ನಿಂತು, ನೆಲ ನೋಡುತ್ತ, "ತಂಗಿ" ಎಂದ.

ಅಷ್ಟರಲ್ಲಿ ಮಳೆ ಬಿತ್ತು.

ಬೇಡ ಬೇಡವೆಂದರೂ ನಾನು ಬಾರಿಸಿದೆ. ಅವನು ನಿಲ್ಲಿಸಲಿಲ್ಲ. ನನ್ನ ಸದ್ದಿಗೆ ಅಷ್ಟು ದಿನ ಧೋತರ ಒದ್ದೆ ಮಾಡಿಕೊಂಡವನು ಆ ದಿನ ನನ್ನ ಕೆಳಗೆ ನಿಂತೇ ಹೇಳಿದ. ತಲೆ ತಗ್ಗಿಸಿ, ಮೊದಲಿನಿಂದ ಕೊನೆಯವರೆಗೆ, ಉಡಿ ತುಂಬಿದ್ದು, ಬಂಡಿ ನೋಡಿದ್ದು, ಕೊಳ್ಳ ಹರಿ ಎಂದದ್ದು, ಸನ್ಮಾನದ ದಿನ ಬಾಯಿ ಮುಚ್ಚಿಕೊಂಡದ್ದು, ಎಲ್ಲ. "ನಿಮ್ಮತ್ತೀನ ಕೊಂದಾಂವ ನಾನು. ನಾಳಿ ಬಸ್ ಸ್ಟ್ಯಾಂಡಿನಾಗ ನಾಕ ಮಂದಿ ಮುಂದ ಹೇಳತೀನಿ. ನೀ ಹೂಂ ಅನ್ನು" ಎಂದ. ಅಂಥ ಮಾತನ್ನು ಮನುಷ್ಯ ಜನ್ಮದಲ್ಲಿ ಒಂದು ಸಲ ಹೇಳಬಲ್ಲ. ಆ ಒಂದು ಸಲವನ್ನು ನಾನು ಗುಟುಕ್ಕನೆ ನುಂಗಿದೆ. ಅವಳಿಗೆ ಕಂಡದ್ದು ಅವನ ತುಟಿ ಅಲುಗಿದ್ದು ಮಾತ್ರ. ಒಂದೇ ತಗಡಿನ ಆಚೆ ಇರುವವನ ಹೆದರಿಕೆ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಪಾಪ, ಮಳೆಗೆ ಹೆದರಿ ಬಂದಿದ್ದಾನೆ ಅಂದುಕೊಂಡು, "ಕುಂಡ್ರು ಯಣ್ಣಾ" ಎಂದಳು. ಅದೂ ಅವನಿಗೆ ಕೇಳಿಸಲಿಲ್ಲ. ಅವನಿಗೆ ಚಾಪೆ ಹುಡುಕಲು ಅವಳು ಆ ಕಡೆ ತಿರುಗಿದಳು.

ಹುಲಗಪ್ಪ ತಲೆಯೆತ್ತಿ ನೋಡಿದಾಗ ಕಂಡದ್ದು ಅವಳ ಬೆನ್ನು.

ಕೇಳಿಯೂ ಮುಖ ತಿರುಗಿಸಿದಳು ಎಂದುಕೊಂಡ. ಮಳೆಯಲ್ಲೇ ಇಳಿದು ಹೋಗಿ ತನ್ನ ಬಾಗಿಲು ಹಾಕಿಕೊಂಡ. ಮಳೆ ನಿಂತ ಮೇಲೂ ಕಿವಿಯಿಂದ ಕೈ ತೆಗೆಯಲಿಲ್ಲ. ನೀಲವ್ವ ಕೊಟ್ಟ ಮಾತ್ರೆ ನುಂಗಲಿಲ್ಲ, ಅನ್ನ ಮುಟ್ಟಲಿಲ್ಲ. "ಮುಗೀತ, ಇನ್ನ ನಾ ಇದ್ದರೇನ, ಬಿಟ್ಟರೇನ" ಎಂದ. ಅವನ ಬಾಯಿಂದ ಆ ಮಾತು ಬಂದದ್ದೇ ನೀಲವ್ವ ಬಾಗಿಲಿಗೆ ಅಡ್ಡ ಕೂತಳು, ಬೆಳಗಾಗುವವರೆಗೆ ಏಳಲಿಲ್ಲ.

ಬಡಿದದ್ದು ಮಳೆ, ನಾನಲ್ಲ ಎಂದು ನಾನು ಹೇಳಬಹುದು. ನೀರು ತಂದವನು ನಾನಲ್ಲ ಎಂದು ಹುಲಗಪ್ಪನೂ ಹೇಳಬಹುದಿತ್ತು. ಹಾಗೆ ಹೇಳಿಕೊಂಡು ನಾಚಿಕೆ ಕಳೆದುಕೊಂಡವರನ್ನು ನಾನಂತೂ ನೋಡಿಲ್ಲ. ನಾಟಕದಲ್ಲಾದರೆ ಮತ್ತೊಮ್ಮೆ ಹೇಳು ಎಂದು ಜನ ಕೂಗುತ್ತಿದ್ದರು. ಇಲ್ಲಿ ಕೂಗುವವರು ಯಾರು? ಅವನು ಹೇಳಿದ್ದಾನೆಂದೇ ಯಾರಿಗೂ ಗೊತ್ತಿಲ್ಲ.

ಬೆಳಿಗ್ಗೆ ಮೋಡ ಹರಿದು ಬಿಸಿಲು ಬಿದ್ದಿತ್ತು. ಯಾರೋ ಬಂಡಿಯನ್ನು ಶೆಡ್ಡಿನ ಪಕ್ಕಕ್ಕೆ ತಂದು ನಿಲ್ಲಿಸಿದರು. ನೋಡಿದರೆ ಸಾವಂತ್ರವ್ವ. ಸೆರಗು ಸಿಕ್ಕಿಸಿ ಬಂಡಿಯ ಮೇಲೆ ಹತ್ತಿ, ಜೋಳದ ಕಣಿಕೆಯ ಸಿವುಡುಗಳನ್ನು ನನ್ನ ಮೇಲೆ ಒಪ್ಪವಾಗಿ ಹಾಸತೊಡಗಿದಳು. ಅದರ ಮೇಲೆ ಗೋಣಿಚೀಲ. ಅದರ ಮೇಲೆ, ಪರಿಹಾರದಲ್ಲಿ ತನ್ನ ಪಾಲಿಗೆ ಬಂದಿದ್ದ ಒಂದೇ ಒಂದು ಚಾದರ. ಗಾಳಿಗೆ ಹಾರದಂತೆ ಕಲ್ಲು ಹೇರಿದಳು. ಅವಳ ಗಂಟು ಬಾಗಿಲಲ್ಲಿ ಕಟ್ಟಿಟ್ಟೇ ಇತ್ತು.

ನೀಲವ್ವ ಹೊರಗೆ ಬಂದು ದಂಗಾಗಿ ನಿಂತಳು. "ಏನ ಮಾಡಾಕತ್ತೀಯ ಯವ್ವಾ? ಊರಿಗಿ ಹೊಂಟಾಕಿ?"

"ಹೋಗೂಕಿಂತ ಮೊದಲ ಇದೊಂದ ಮಾಡಿ ಹೋಗೂಣು ಅನ್ನಸ್ತು ಯಕ್ಕಾ. ಯಣ್ಣ ಮಳಿ ಸಪ್ಪಳಕ್ಕ ಅಂಜತಾನ. ನಿನ್ನಿ ಪಾಪ, ನಮ್ಮ ಬಾಗಲಕ್ಕ ಓಡಿ ಬಂದಿದ್ದ. ಏನೋ ಅನ್ನಾಕತ್ತಿದ್ದ, ಕಣ್ಣಾಗ ನೀರಿತ್ತು. ಈ ಹಾಳ ಪತ್ರಾಸ ಒದರೂದ್ರಾಗ ಒಂದಕ್ಷರ ಕೇಳಲಿಲ್ಲ ನನಗ. ಚಾಪಿ ತಗೊಂಡ ತಿರಗೂದ್ರಾಗ ಇರಲೇ ಇಲ್ಲ."

ಒಳಗೆ ಹುಲಗಪ್ಪ ಕಿವಿಯಿಂದ ಕೈ ತೆಗೆದ.

ಅವನ ಮುಖ ನಾನು ನೋಡಿದೆ. ಸುಳ್ಳು ಹೇಳುವುದಿಲ್ಲ, ಮೊದಲು ಆ ಮುಖದಲ್ಲಿ ಮೂಡಿದ್ದು ನಿರಾಳ. ಯಾರಿಗೂ ಕೇಳಿಲ್ಲ! ಇನ್ನರ್ಧ ತಾಸಿನಲ್ಲಿ ಬಸ್ಸು ಬರುತ್ತದೆ, ಅವಳು ಹೋಗುತ್ತಾಳೆ, ಅವಳೊಂದಿಗೆ ಮಾತೂ ಹೋಗುತ್ತದೆ. ಶಾಲು ಟ್ರಂಕಿನಲ್ಲಿ ಇದ್ದಲ್ಲೇ ಇರುತ್ತದೆ. ಆಮೇಲೆ ಅವನು ತಲೆ ಎತ್ತಿ ನನ್ನ ಕಡೆ ನೋಡಿದ. ನನ್ನ ಮೇಲೆ ಅವಳು ಕಲ್ಲು ಸರಿಸುವ ಸಪ್ಪಳ ಮೆಲ್ಲಗೆ ಕೇಳುತ್ತಿತ್ತು. ಅವನ ಮುಖ ಕಪ್ಪಿಟ್ಟಿತು. ಹೇಳೋ ಮಾರಾಯ, ಈಗ ನನ್ನ ಬಾಯಿ ಕಟ್ಟಿದ್ದಾಳೆ, ಈಗ ಹೇಳು ಎಂದು ನಾನು ಒಳಗೊಳಗೇ ಕೂಗಿಕೊಂಡೆ.

ಅವನು ಹೊರಗೆ ಬಂದ. ಬಸ್ಸಿಗೆ ಹೋಗುವವರನ್ನು ಕಳಿಸಲು ಎಂಟು ಹತ್ತು ಜನ ಸೇರಿದ್ದರು. ಭರಮಪ್ಪ ಗಂಟು ಎತ್ತಿ ಹೆಗಲಿಗೆ ಹಾಕಿಕೊಂಡಿದ್ದ.

"ಭರಮ, ಗಂಟ ಇಳಸು" ಎಂದ ಹುಲಗಪ್ಪ. "ಬಂಡಿ ಬಿಚ್ಚಂತ ಹೇಳಿದಾಂವ ನಾನು. ನಿನ್ನ ಹೆಂಡತಿ ಹೂಡಿ ನಿಂತಿದ್ಲು. ಉಡಿ ತುಂಬೇವಿ, ಹೊಳ್ಳಿ ಹೊಕ್ಕಾಳ, ಕೊಳ್ಳ ಹರಿ ಅಂತ ನಾನೇ ಹೇಳಿದ್ನಿ. ನಿಮ್ಮವ್ವನ ಜೀವ ನನ್ನ ಮಾತಿಗಿ ಹೋತು. ಹತ್ತ ತಿಂಗಳ ಸುಮ್ಮ ಕುಂತೀನಿ. ಶಾಲು ಹೊಚ್ಚಿಸಿಕೊಂಡು ಸುಮ್ಮ ಕುಂತೀನಿ. ನೀ ಹೊಡಿ, ಬಡಿ, ಆಕೀನ ಕಳಸಬ್ಯಾಡ."

ಭರಮಪ್ಪ ಹೆಂಡತಿಯ ಕಡೆ ತಿರುಗಿ, "ಯಾಕ ಹೇಳಲಿಲ್ಲ ನೀ? ಇಷ್ಟ ದಿನ ಕೇಳೀನಿ, ಯಾಕ ಹೇಳಲಿಲ್ಲ?" ಎಂದ.

ಸಾವಂತ್ರವ್ವ ಬಂಡಿಯ ಮೇಲಿಂದ ಇಳಿಯಲಿಲ್ಲ. ಅಲ್ಲೇ ಕೂತು ಮುಖ ಮುಚ್ಚಿಕೊಂಡಳು. "ಹೆಂಗ ಹೇಳಲಿ? ಯಣ್ಣ ಬಿಚ್ಚಂದಾಗ ನನಗ ಹಗರಾತು. ನಾಕ ವರ್ಷ ಹೊತ್ತೀನಿ, ಅವತ್ತೊಂದಿನ ಹೊರೂದ ತಪ್ಪಿತಲಾ ಅಂತ ಖುಷಿ ಆತು ನನಗ. ಅದಕ್ಕ ಬಿಚ್ಚಿದ್ನಿ. ಅವನ ಮ್ಯಾಲ ಹಾಕಿ ನಾ ಹೆಂಗ ಪಾರಾಗಲಿ? ಮಂದಿ ಅನ್ನೂದು ಖರೇನ ಐತಿ. ಸಾಕಾಗಿತ್ತ ನನಗ." ಆಮೇಲೆ ಅವಳು ಅತ್ತಳು. ಹತ್ತು ತಿಂಗಳಿನಲ್ಲಿ ಮೊದಲ ಸಲ. ನೀಲವ್ವ ಬಂಡಿ ಹತ್ತಿ ಅವಳನ್ನು ತಬ್ಬಿ ಹಿಡಿದಳು.

ರಸ್ತೆಯಲ್ಲಿ ಬಸ್ಸು ಬಂದು ಹಾರ್ನು ಹೊಡೆಯಿತು, ನಿಂತಿತು, ಹೋಯಿತು. ಭರಮಪ್ಪ ಗಂಟನ್ನು ನೆಲಕ್ಕೆ ಹಾಕಿ ಅದರ ಮೇಲೆಯೇ ಕೂತ. "ನಾನರ ಎಲ್ಲಿದ್ನಿ? ನಾಕ ವರ್ಷದಾಗ ನಾ ಒಂದಿನ ಹೊತ್ತೀನೇನ ನಮ್ಮವ್ವನ್ನ?" ಎಂದು ಯಾರಿಗೋ ಕೇಳಿದ. ಆಮೇಲೆ ಎದ್ದು ಗಂಟನ್ನು ಒಳಗೆ ತೆಗೆದುಕೊಂಡು ಹೋದ.

ಎಲ್ಲ ಸರಿಹೋಯಿತು ಎಂದು ಹೇಳಿದರೆ ನಾನು ನಾಟಕದ ತಗಡೇ ಸರಿ. ಊರಿನ ಕೆಲವರು ಹುಲಗಪ್ಪನನ್ನು ಕಂಡರೆ ಉಗುಳಿ ಹೋಗುತ್ತಿದ್ದರು. ನಾವೂ ಇವನ ಮಾತು ಕೇಳಿಯೇ ಕೂತಿದ್ದೆವು ಎಂದು ಈಗ ಅವರಿಗೂ ನೆನಪಾಗಿತ್ತು. ಅವನು ಟ್ರಂಕಿನಿಂದ ಶಾಲು ತೆಗೆದು ಪಂಚಾಯಿತಿಗೆ ಕೊಟ್ಟು ಬಂದ. ದೋಣಿಯನ್ನು ಮತ್ತೆ ಮುಟ್ಟಲಿಲ್ಲ. ಭರಮಪ್ಪ ಅವನೊಂದಿಗೆ ಇವತ್ತಿಗೂ ಮಾತಾಡುವುದಿಲ್ಲ. ಆದರೆ ಆ ತಿಂಗಳು ಡಾಕ್ಟರ ಜೀಪು ಬಂದಾಗ ಹುಲಗಪ್ಪ ಹಗಲು ಹೊತ್ತಿನಲ್ಲಿ, ಎಲ್ಲರ ಕಣ್ಣೆದುರಿಗೆ, ಶಾಲೆಯ ಕಟ್ಟೆಗೆ ನಡೆದು ಹೋಗಿ ಕೂತ. ಅವನ ಹಿಂದೆ ಸಾವಂತ್ರವ್ವ ಹೋದಳು. ಮೂರನೆಯ ತಿಂಗಳು ರೇಷನ್ ಕಾರ್ಡಿನ ಮುದುಕನೂ ಹೋದ, ತನಗೆ ಕೆಮ್ಮು ಎಂದು ಹೇಳಿಕೊಂಡು.

ನಾಲ್ಕು ವರ್ಷದ ಮೇಲೆ ದಿನ್ನೆಯಾಚೆ ಕಾಲೊನಿ ಕಟ್ಟಿದರು. ಶೆಡ್ಡು ಬಿಚ್ಚಿದಾಗ ನನಗೆ ತುಕ್ಕು ಹಿಡಿದು ಮೊಳೆಯ ತೂತುಗಳು ದೊಡ್ಡವಾಗಿದ್ದವು. ಗುಜರಿಯವನು ನನ್ನನ್ನು ಎತ್ತಿ ನೋಡಿ ಮುಖ ಸಿಂಡರಿಸಿದ. ಹುಲಗಪ್ಪನೇ ನನ್ನನ್ನು ತಂದ. ಈಗ ನಾನು ಅವನ ಹೊಸ ಮನೆಯ ಹಿಂದೆ, ಗೋಡೆಗೆ ಒರಗಿ, ಕುಳ್ಳು ಕಟ್ಟಿಗೆಯ ಮೇಲೆ ಸೂರಾಗಿ ಬಿದ್ದಿದ್ದೇನೆ. ಮನೆಗೆ ಸಿಮೆಂಟಿನ ಚಾವಣಿ. ಸದ್ದು ಮಾಡುವವನು ಈ ಸಾಲಿನಲ್ಲಿ ನಾನೊಬ್ಬನೇ ಉಳಿದಿದ್ದೇನೆ, ಅದೂ ಒಡಕು ಗಂಟಲಿನಲ್ಲಿ. ನನ್ನನ್ನು ಯಾಕೆ ತಂದನೋ ನನಗೆ ತಿಳಿಯದು. ಕ್ಷಮಿಸಿದ್ದಾನೆ ಎಂದುಕೊಳ್ಳುವ ಧೈರ್ಯ ನನಗಿಲ್ಲ. ಕುಳ್ಳು ನೆನೆಯಬಾರದು ಅಷ್ಟೇ ಇರಬೇಕು.

ಈಗಲೂ ಮಳೆ ಬಂದರೆ ನಾನು ಬಡಿದುಕೊಳ್ಳುತ್ತೇನೆ, ಬಡಿದುಕೊಳ್ಳುತ್ತಲೇ ನಾಚಿ ಸಾಯುತ್ತೇನೆ. ಹುಲಗಪ್ಪನ ಕೈ ಈಗಲೂ ಕಿವಿಯ ಹತ್ತಿರ ಹೋಗುತ್ತದೆ. ಭಯ ಹೋಗಿಲ್ಲ, ಹೋಗುವುದೂ ಇಲ್ಲವೇನೋ. ಆಗ ಓಣಿಯ ಆಚೆ ಬದಿಯಿಂದ ಸಾವಂತ್ರವ್ವ ಬಾಗಿಲಿಗೆ ಬಂದು, ನನ್ನ ಸದ್ದನ್ನು ಮೀರಿಸಿ, ಗಂಟಲು ಹರಿಯುವ ಹಾಗೆ ಕೂಗುತ್ತಾಳೆ.

"ಯಣ್ಣಾ, ಅದೀಯೇನೋ?"

ಒಂದು ಸಲಕ್ಕೆ ಅವನಿಗೆ ಕೇಳುವುದಿಲ್ಲ. ಅವಳು ಬಿಡುವುದಿಲ್ಲ. ಎರಡನೆಯ ಸಲ, ಮೂರನೆಯ ಸಲ, ಕೇಳುವವರೆಗೂ ಕೂಗುತ್ತಾಳೆ. ಕೊನೆಗೆ ಅವನು ಕಿವಿಯಿಂದ ಕೈ ತೆಗೆದು ತಿರುಗಿ ಕೂಗುತ್ತಾನೆ.

"ಅದೀನವಾ ತಂಗಿ, ಅದೀನಿ!"